ಪಾರ್ಕಿಗೂ ರಿವರ್ಸಿಗೂ ನಡುವೆ

ಸಿಕಂದರಾಬಾದ್
೧೪ ಜುಲೈ ೨೦೨೪

ತಮ್ಮ ಬಂಡೆಪ್ಪ,

ಜೈಲಿಗೆ ಕಾಗದ ಬರೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಗೇಟಿಗೆ ಹೋಗಿ ಕೇಳಿದೆ. ಫೋನ್ ಮನೆಯವರಿಗೆ ಮಾತ್ರ, ಉಳಿದವರು ಅಂಚೆಯಲ್ಲಿ ಬರೆಯಬಹುದು, ಒಳಗೆ ಓದಿ ನೋಡಿ ಕೊಡುತ್ತಾರೆ ಎಂದರು. ಕನ್ನಡ ಓದುವವರಿದ್ದಾರೆಯೇ ಎಂದು ಕೇಳಿದ್ದಕ್ಕೆ, ಜಹೀರಾಬಾದ್ ಕಡೆಯವರೊಬ್ಬರು ಇದ್ದಾರೆ ಎಂದರು. ಹಾಗಾಗಿ ಇದು ನಿನಗಿಂತ ಮೊದಲು ಅವರ ಕೈಗೆ ಹೋಗುತ್ತದೆ. ಅವರಿಗೂ ನನ್ನ ನಮಸ್ಕಾರ.

ನಿನಗೆ ಒಂದು ವರ್ಷದ ಶಿಕ್ಷೆಯಾದದ್ದು ನಿನ್ನ ಧಣಿ ಕಾಶಿನಾಥ ಸಾಹುಕಾರರಿಂದ ತಿಳಿಯಿತು. ಗೇರ್ ಲಿವರನ್ನು ರಿವರ್ಸ್‌ನಲ್ಲೇ ಬಿಟ್ಟು ಇಳಿದೆ, ಎಂಜಿನ್ ಚಾಲೂ ಇತ್ತು, ಸಾಹುಕಾರರ ಕಾರು ಹಿಂದೆ ಹೋಗಿ ವಾಚ್‌ಮನ್ ನರಹರಿಯವರನ್ನು ಇಟ್ಟಿಗೆ ಗೋಡೆಗೆ ಒತ್ತಿತು, ಅವರು ಅಲ್ಲೇ ತೀರಿಹೋದರು, ತಪ್ಪು ನನ್ನದೇ ಎಂದು ಜಡ್ಜ್ ಎದುರು ನೀನೇ ಒಪ್ಪಿಕೊಂಡೆಯಂತೆ. ಅದು ನಡೆದು ಒಂದು ವರ್ಷ ಮೂರು ತಿಂಗಳಾಯಿತು. ನೀನು ಜಾಮೀನಿನ ಮೇಲೆ ಹೊರಗಿದ್ದಾಗ ಒಂದು ಸಲವೂ ನಾನು ಬಂದು ಮಾತನಾಡಿಸಲಿಲ್ಲ. ಅದಕ್ಕೆ ಕಾರಣ ಹೇಳಲು ಹೋಗುವುದಿಲ್ಲ.

ಗಾಡಿ ಈಗ ನನ್ನ ಶೆಡ್ಡಿನಲ್ಲಿದೆ. ಪೊಲೀಸರು ಬಿಟ್ಟುಕೊಟ್ಟ ಮೇಲೆ ಶಂಶಾಬಾದಿನ ಕಟ್ಟಡದ ಸೈಟಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತಂತೆ. ಯಾವ ಡ್ರೈವರೂ ಹತ್ತಲು ಒಪ್ಪಲಿಲ್ಲವಂತೆ. ಸಾಹುಕಾರರು ಮೊನ್ನೆ ಎಳೆಸಿಕೊಂಡು ಬಂದು, 'ಹಿಂದಿನ ಬಂಪರ್ ಬದಲಿಸಿ ಬಣ್ಣ ಹೊಡಿ, ಮಾರಿಬಿಡೂಣು' ಎಂದು ಬಿಟ್ಟು ಹೋದರು.

ಅದರ ಪೆಟ್ರೋಲ್ ಎಂಜಿನ್ ಸೀಜ್ ಆಗಿ ತಿರುಗದೆ ನಿಂತು, ಡೀಸೆಲ್ ಎಂಜಿನ್ ಕೂರಿಸಿದ ಆ ಎರಡು ತಿಂಗಳು ನೀನು ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. 'ಅಣ್ಣಾ, ಎಂಜಿನ್ ಬ್ಯಾರೆ ಕಂಪನೀದು, ಈ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬ್ಯಾರೆ ಕಂಪನೀದು. ಇವೆರಡೂ ಒಂದಕ್ಕೊಂದು ಮಾತಾಡೂದು ಹ್ಯಾಂಗ?' ಎಂದು ನೀನು ಕೇಳಿದ್ದು ನೆನಪಿದೆ. ಹದಿನೆಂಟು ವರ್ಷದಿಂದ ಈ ಓಣಿಯಲ್ಲಿ ಹಿಂದಿ, ತೆಲುಗಿನಲ್ಲೇ ಕೆಲಸ ಮಾಡುತ್ತಿರುವ ನನಗೆ, ಕನ್ನಡದಲ್ಲಿ ಅಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದು ಮಾತು. ಗಾಡಿ ಒಪ್ಪಿಸಿದ ದಿನ, ಗಾಡಿ ಕದಲದಂತೆ ಹಿಡಿಯುವ ಪಾರ್ಕಿಗೆ ಲಿವರ್ ಹಾಕಿದರೂ ಹ್ಯಾಂಡ್ ಬ್ರೇಕ್ ಎಳೆಯದೆ ಇಳಿಯಬೇಡ ಎಂದು ನಿನಗೆ ಹೇಳಿದ್ದೆ. ನಿನಗೆ ನೆನಪಿರಬೇಕು.

ನಿನ್ನ ಹೆಂಡತಿ ಹಂಪಮ್ಮನನ್ನು ಕಂಡು ಬರುತ್ತೇನೆ. ಮನೆಯ ಬಗ್ಗೆ ಚಿಂತೆ ಮಾಡಬೇಡ.

ಕೇದಾರ


ಕಾರಾಗೃಹ, ಹೈದರಾಬಾದ್
೨ ಆಗಸ್ಟ್ ೨೦೨೪

ಕೇದಾರಣ್ಣನವರಿಗೆ ಬಂಡೆಪ್ಪನ ಶರಣು.

ನಿಮ್ಮ ಕಾಗದ ಬಂತು. ಇಲ್ಲಿ ನನಗೆ ಕಾಗದ ಬಂದದ್ದು ಇದೇ ಮೊದಲು. ಓದಿ ಕೊಟ್ಟ ಸಾಹೇಬರು 'ನಿಮ್ಮ ಮಿಸ್ತ್ರಿ ಅಕ್ಷರ ಚಲೋ ಅದಾವ' ಎಂದರು.

ನನಗೆ ತರಕಾರಿ ತೋಟದ ಕೆಲಸ ಹಚ್ಚಿದ್ದಾರೆ. ಬೆಂಡೆ, ಪಾಲಕ್. ನೀರು ಹಾಯಿಸುವುದು, ಕಳೆ ಕೀಳುವುದು. ಕೈಗೆ ಕೆಲಸ ಇದ್ದಷ್ಟು ಹೊತ್ತು ಹೇಗೋ ಹೋಗುತ್ತದೆ. ಮಧ್ಯಾಹ್ನ ಊಟದ ಗಂಟೆ ಹೊಡೆದು ಎಲ್ಲರೂ ಎದ್ದಾಗ, ನನ್ನ ಸಾಲಿನ ತುದಿಯಲ್ಲಿ ನರಹರಿಯವರು ಕೂತಿರುತ್ತಾರೆ. ಬೆನ್ನು ಈ ಕಡೆ ಇರುತ್ತದೆ. ತಲೆಗೆ ಟವೆಲ್. ಅವರು ತಿರುಗುವುದಿಲ್ಲ, ನಾನು ಕರೆಯುವುದಿಲ್ಲ. ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡಿರಿ. ಅದು ಬಿಸಿಲು ಎಂದು ನನಗೂ ಗೊತ್ತು.

ಹ್ಯಾಂಡ್ ಬ್ರೇಕಿನ ಮಾತು ನನಗೆ ನೆನಪಿಲ್ಲ. ನೀವು ಬರೆದ ಮೇಲೆ ದಿನಾ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಿಮ್ಮ ಶೆಡ್ಡು ಕಾಣುತ್ತದೆ, ಸಾಹುಕಾರರು ತೆಂಗಿನಕಾಯಿ ಒಡೆದದ್ದು ಕಾಣುತ್ತದೆ, ನಿಮ್ಮ ಬಾಯಿ ಆಡುವುದೂ ಕಾಣುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ನೀವು ಹೇಳಿರುತ್ತೀರಿ. ನಾನೇ ಕೇಳಿಸಿಕೊಂಡಿಲ್ಲ.

ಆ ದಿನದ ವಿಷಯ ಇನ್ನು ಬರೆಯಬೇಡಿರಿ ಅಣ್ಣಾ. ನಿಮಗೆ ಏನಾದರೂ ಗೊತ್ತಿದ್ದರೆ, ಗೊತ್ತಾದರೆ, ಅದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಹೇಳುವುದನ್ನು ನಾನು ಕೋರ್ಟಿನಲ್ಲಿ ಹೇಳಿ ಮುಗಿಸಿದ್ದೇನೆ. ಇದರಲ್ಲಿ ಇನ್ನೊಬ್ಬರ ಹೆಸರು ಬರುವುದು ಬೇಡ.

ಹಂಪಮ್ಮ ಇಲ್ಲಿಯವರೆಗೆ ಒಂದು ಸಲವೂ ಭೇಟಿಗೆ ಬಂದಿಲ್ಲ. ಹೇಗಿದ್ದಾಳೆ ನೋಡಿ ತಿಳಿಸಿರಿ.

ಬಂಡೆಪ್ಪ


ಸಿಕಂದರಾಬಾದ್
೧೧ ಆಗಸ್ಟ್ ೨೦೨೪

ತಮ್ಮ ಬಂಡೆಪ್ಪ,

ಇನ್ನೊಬ್ಬರ ಹೆಸರು ಬೇಡ ಎಂದು ನೀನು ಬರೆದ ಸಾಲನ್ನು ಐದಾರು ಸಲ ಓದಿದೆ. ನಿನ್ನಂಥ ಮನಸ್ಸು ನನಗಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಸುಮ್ಮನಿರುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾಗದು. ನೀನು ಹೊರಗೆ ಬಂದ ದಿನ ನನ್ನ ಶೆಡ್ಡಿನಲ್ಲಿ ನಿನಗೆ ಕೆಲಸ ಇದೆ ಎಂದಷ್ಟೇ ತಿಳಿದುಕೋ.

ಹೋದ ಭಾನುವಾರ ಶಂಶಾಬಾದಿಗೆ ಹೋಗಿದ್ದೆ. ಹಂಪಮ್ಮ ಈಗ ಬೇರೆ ಸೈಟಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದಾಳೆ. ಸೊರಗಿದ್ದಾಳೆ. ಜೋಳ, ಬೇಳೆ ಕೊಟ್ಟೆ, ಬೇಡ ಎನ್ನಲಿಲ್ಲ. ನಾವು ಹೊರಗೆ ನಿಂತು ಮಾತನಾಡುತ್ತಿದ್ದಾಗ ಮರಳಿನ ಟಿಪ್ಪರ್ ಒಂದು ಹಿಂದೆ ಹಿಂದೆ ಬಂತು. ನಮಗೂ ಅದಕ್ಕೂ ಐವತ್ತು ಹೆಜ್ಜೆ ಇತ್ತು. ಆಕೆ ಮಾತು ಅರ್ಧಕ್ಕೆ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಳು. ಟಿಪ್ಪರ್ ಹೋಗಿ ಎಷ್ಟೋ ಹೊತ್ತಾದರೂ ತಿರುಗಲಿಲ್ಲ.

'ಭೇಟಿಗೆ ಯಾಕ ಹೋಗಿಲ್ಲವ್ವ?' ಎಂದು ಕೇಳಿದೆ.

'ಅವರಿಗೆ ಹ್ಯಾಂಗ ಮಾರಿ ತೋರಸ್ಲಿ ಅಣ್ಣಾರ?' ಎಂದಳು.

ಗಂಡ ಜೈಲಿನಲ್ಲಿರುವ ನಾಚಿಕೆ. ನಾನು ಸಮಾಧಾನ ಹೇಳಿದ್ದೇನೆ, ದಿನ ಹೋದಂತೆ ಸರಿಹೋಗುತ್ತಾಳೆ.

ಗಾಡಿಯನ್ನು ನಾನಿನ್ನೂ ಮುಟ್ಟಿಲ್ಲ. ಬಣ್ಣದವನು ಬಂದು ಒಂದು ಸುತ್ತು ಹಾಕಿ, 'ಮುಂದಿನ ವಾರ ನೋಡೋಣ' ಎಂದು ಹೋದವನು ಫೋನ್ ಎತ್ತುತ್ತಿಲ್ಲ. ನಾನು ಬೇರೆ ಗಾಡಿಯ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ಇದರ ಹಿಂದಿನ ಗಾಲಿಗಳು ನನ್ನ ಕಣ್ಣಿಗೆ ನೇರ ಕಾಣುತ್ತವೆ. ನಿಂತ ಗಾಡಿ ನಿಂತೇ ಇದೆ. ಆದರೂ ಐದು ನಿಮಿಷಕ್ಕೊಮ್ಮೆ ತಲೆ ಹೊರಗೆ ಹಾಕಿ ನೋಡುತ್ತೇನೆ.

ಕೇದಾರಣ್ಣ


ಕಾರಾಗೃಹ, ಹೈದರಾಬಾದ್
೩೦ ಆಗಸ್ಟ್ ೨೦೨೪

ಕೇದಾರಣ್ಣನವರಿಗೆ,

ಹಂಪಮ್ಮ ನಿಮ್ಮ ಮುಂದೆ ಇನ್ನೇನು ಹೇಳಿದಳು? ನೀವು ಬರೆದದ್ದಷ್ಟೆಯೋ, ಬೇರೆ ಏನಾದರೂ ಇದೆಯೋ? ಅವಳ ಮನಸ್ಸು ಸರಿಯಿಲ್ಲ. ಏನೇ ಹೇಳಿದರೂ ನಂಬಬೇಡಿರಿ. ಅವಳು ಸೈಟಿನ ಹೆಂಗಸರ ಜೊತೆ ಕೂತು ಮಾತನಾಡದಂತೆ ನೋಡಿಕೊಳ್ಳಿರಿ. ಊರಿಗೆ, ಚಿಂಚೋಳಿ ಕಡೆ, ಅವಳ ತಾಯಿಯ ಹತ್ತಿರ ಕಳಿಸಲು ಆಗುತ್ತದೆಯೇ ನೋಡಿರಿ.

ನೀವು ನನ್ನನ್ನು ದೊಡ್ಡ ಮನಸ್ಸಿನವನು ಎಂಬಂತೆ ಬರೆದಿದ್ದೀರಿ. ದೊಡ್ಡ ಮನಸ್ಸಲ್ಲ. ಮನೆಯ ಗಂಡಸು ಮಾಡಬೇಕಾದದ್ದನ್ನು ಮಾಡಿದ್ದೇನೆ, ಅಷ್ಟೆ. ನಿಮಗೆ ಎಲ್ಲ ಗೊತ್ತಿದ್ದೂ ಬಾಯಿ ಬಿಡದೆ ಇದ್ದೀರಲ್ಲ, ಅದಕ್ಕೆ ನಾನು ನಿಮ್ಮ ಋಣದಲ್ಲಿದ್ದೇನೆ.

ನರಹರಿಯವರು ಈಗ ಮೂರು ಸಾಲು ಹತ್ತಿರ ಬಂದಿದ್ದಾರೆ.

ಬಂಡೆಪ್ಪ


ಸಿಕಂದರಾಬಾದ್
೨೨ ಸೆಪ್ಟೆಂಬರ್ ೨೦೨೪

ಬಂಡೆಪ್ಪ,

ನಿನ್ನ ಕಾಗದ ನನಗೆ ಅರ್ಥವಾಗಲಿಲ್ಲ. ನನಗೆ ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ ಎಂದು ನೀನು ಬರೆದದ್ದು ಯಾವುದರ ಬಗ್ಗೆ ಎಂದು ತಿಳಿಯದೆ ನಿನ್ನೆ ಮತ್ತೆ ಶಂಶಾಬಾದಿಗೆ ಹೋದೆ. ಹಂಪಮ್ಮ ಮಾತನಾಡಿದಳು. ನಾನು ಏನೂ ಕೇಳಿರಲಿಲ್ಲ. ತಾನಾಗಿಯೇ ಹೇಳಿದಳು. ಆ ದಿನ ಗಾಡಿಯೊಳಗೆ ಯಾರಿದ್ದರು ಎಂಬುದು ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ.

ನಿನ್ನ ಮೌನ ಯಾರಿಗಾಗಿ ಎಂದು ಈಗ ತಿಳಿಯಿತು. ಇಷ್ಟು ದಿನ ಅದು ನನಗಾಗಿ ಎಂದುಕೊಂಡಿದ್ದೆ.

ಹೆದರಬೇಡ, ಅವಳು ಬೇರೆ ಯಾರಿಗೂ ಹೇಳಿಲ್ಲ. ಆರೋಗ್ಯವಾಗಿದ್ದಾಳೆ.

ಕೇದಾರ


ಕಾರಾಗೃಹ, ಹೈದರಾಬಾದ್
೧೦ ಅಕ್ಟೋಬರ್ ೨೦೨೪

ಕೇದಾರಣ್ಣನವರಿಗೆ,

ನಿಮ್ಮ ಕಾಗದ ಸಣ್ಣದಿತ್ತು. ಅದನ್ನು ಹಿಡಿದುಕೊಂಡು ಎರಡು ವಾರ ತಿರುಗಾಡಿದೆ.

ನನ್ನ ಮೌನ ನಿಮಗಾಗಿ ಎಂದು ನೀವು ಯಾಕೆ ಅಂದುಕೊಂಡಿರಿ?

ನೀವು ಅಲ್ಲಿ ಇರಲಿಲ್ಲ. ಸಿಕಂದರಾಬಾದಿನಲ್ಲಿ ನಿಮ್ಮ ಕೆಲಸದಲ್ಲಿದ್ದಿರಿ. ಗಾಡಿ ನಿಮ್ಮ ಕೈ ಬಿಟ್ಟು ಮೂರು ತಿಂಗಳಾಗಿತ್ತು. ನಾನು ಮುಚ್ಚಿಡುವಂಥದ್ದು ನಿಮ್ಮದೇನಿತ್ತು?

ಬರೆಯಿರಿ.

ಬಂಡೆಪ್ಪ


ಕಾರಾಗೃಹ, ಹೈದರಾಬಾದ್
೨೫ ನವೆಂಬರ್ ೨೦೨೪

ಕೇದಾರಣ್ಣನವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಅಂಚೆ ತಪ್ಪಿರಬಹುದು ಎಂದು ಸಾಹೇಬರನ್ನು ಕೇಳಿದೆ. ತಪ್ಪಿಲ್ಲ ಎಂದರು.

ಕೋರ್ಟಿನಲ್ಲಿ ನಾನು ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಈಗ ಬರೆಯುತ್ತಿದ್ದೇನೆ. ಓದುವ ಸಾಹೇಬರು ಓದಲಿ. ನಾನು ಲಿವರನ್ನು ಪಾರ್ಕಿಗೆ ಹಾಕಿ ಇಳಿದಿದ್ದೆ. ಓಡಿ ಬಂದು ಬಾಗಿಲು ತೆಗೆದಾಗ ಅದು ರಿವರ್ಸ್‌ನಲ್ಲಿತ್ತು.

ನನ್ನದು ಒಂದೇ ಪ್ರಶ್ನೆ. ಯಾರೂ ಮುಟ್ಟದೆ ಆ ಲಿವರ್ ತಾನಾಗಿ ಜಾರುತ್ತದೆಯೇ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ಬಂಡೆಪ್ಪ


ಸಿಕಂದರಾಬಾದ್
೨೯ ಡಿಸೆಂಬರ್ ೨೦೨೪

ಬಂಡೆಪ್ಪ,

ಹೌದು.

ಮೂರು ತಿಂಗಳು ನಿನಗೆ ಬರೆಯದೆ ಇದ್ದದ್ದಕ್ಕೆ ಅಂಚೆ ಕಾರಣವಲ್ಲ. ಈ ಒಂದು ಪದ ಬರೆಯಲು ಅಷ್ಟು ದಿನ ಬೇಕಾಯಿತು. ಈಗ ಬರೆದಾಗಿದೆ, ಉಳಿದದ್ದನ್ನೂ ಹೇಳುತ್ತೇನೆ. ಸಮಾಧಾನದಿಂದ ಓದಲು ನಾನು ಕೇಳುವುದಿಲ್ಲ.

ಆ ಗಾಡಿಯ ಗೇರ್‌ಬಾಕ್ಸ್ ಹಿಂದೆ ಪೆಟ್ರೋಲ್ ಎಂಜಿನ್ನಿನ ಕಂಪ್ಯೂಟರ್ ಹೇಳಿದಂತೆ ನಡೆಯುತ್ತಿತ್ತು. ನಾವು ಕೂರಿಸಿದ ಡೀಸೆಲ್ ಎಂಜಿನ್ ಹಳೆಯ ಕಾಲದ್ದು, ಅದಕ್ಕೆ ಕಂಪ್ಯೂಟರೇ ಇಲ್ಲ. ಅದಕ್ಕೆಂದೇ ಗೇರ್‌ಬಾಕ್ಸಿಗೆ ಬೇರೆ ಕಂಟ್ರೋಲರ್ ತರಿಸಿ ಹಾಕಿದೆ. ನೀನೂ ನೋಡಿದ್ದೀ, ಅಂಗೈಯಗಲದ ಪೆಟ್ಟಿಗೆ. ಅದಕ್ಕೆ ಮೂರು ಸುದ್ದಿ ಮುಟ್ಟಬೇಕು. ಡ್ರೈವರ್ ಪೆಡಲನ್ನು ಎಷ್ಟು ಒತ್ತಿದ್ದಾನೆ, ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ಗೇರ್ ಲಿವರ್ ಎಲ್ಲಿದೆ. ಮೊದಲನೆಯದಕ್ಕೆ ಡೀಸೆಲ್ ಪಂಪಿನ ತೋಳಿಗೆ ಸೆನ್ಸರ್ ಕಟ್ಟಿದೆ. ಅದನ್ನು ಹೊಂದಿಸಲು ಹನ್ನೊಂದು ದಿನ ಹಿಡಿಯಿತು. ಎರಡನೆಯದೂ ಸರಿಹೋಯಿತು. ಗಾಡಿ ಒಂದನೆಯ ಗೇರಿನಿಂದ ಎರಡಕ್ಕೆ ಬೆಣ್ಣೆಯಂತೆ ಹೋದ ದಿನ ನಾವಿಬ್ಬರೂ ಕುಣಿದಾಡಿದ್ದೆವು.

ಮೂರನೆಯದರಲ್ಲಿ ಸೋತೆ. ಲಿವರ್ ಎಲ್ಲಿದೆ ಎಂದು ತಿಳಿಸುವುದು ಗೇರ್‌ಬಾಕ್ಸಿನ ಪಕ್ಕಕ್ಕಿರುವ ಒಂದು ಸ್ವಿಚ್. ನಾನು ಪಾರ್ಕಿಗೆ ಹಾಕಿದರೆ ಅದು ಒಮ್ಮೆ 'ಪಾರ್ಕ್‌ನಲ್ಲಿದೆ' ಎನ್ನುತ್ತಿತ್ತು, ಇನ್ನೊಮ್ಮೆ 'ಇಲ್ಲ' ಎನ್ನುತ್ತಿತ್ತು. ಇಲ್ಲ ಎಂದಾಗೆಲ್ಲ ಎಂಜಿನ್ ಸ್ಟಾರ್ಟೇ ಆಗುತ್ತಿರಲಿಲ್ಲ. ಸಂಕ್ರಾಂತಿಗೆ ಗಾಡಿ ಬೇಕೇ ಬೇಕು ಎಂದು ಸಾಹುಕಾರರು ದಿನಾ ಫೋನ್ ಮಾಡುತ್ತಿದ್ದರು. ಸ್ವಿಚ್ ಕೆಟ್ಟಿದೆ ಎಂದುಕೊಂಡೆ. ಹೊಸದು ಎಲ್ಲೂ ಸಿಗಲಿಲ್ಲ. ನೀನು ಊಟಕ್ಕೆ ಹೋಗಿದ್ದಾಗ ಅದರ ಪ್ಲಗ್ಗನ್ನು ಕಿತ್ತು, ಸ್ಟಾರ್ಟಿನ ಎರಡು ವೈರುಗಳನ್ನು ನೇರ ಕೂಡಿಸಿಬಿಟ್ಟೆ. ಲಿವರ್ ಯಾವಾಗಲೂ ಡ್ರೈವ್‌ನಲ್ಲೇ ಇದೆ ಎಂದು ಕಂಟ್ರೋಲರಿಗೆ ಸುಳ್ಳು ತುಂಬಿದೆ. ಅದು ನಂಬಿತು. ರಿವರ್ಸಿನ ದೀಪಕ್ಕೂ ಬಜರಿಗೂ ಅದೇ ಸ್ವಿಚ್ಚಿನಿಂದ ವೈರ್ ಹೋಗುತ್ತದೆ. ಅವೆರಡೂ ಅಂದೇ ಸತ್ತವು. ನರಹರಿಯವರಿಗೆ ಒಂದು ಸದ್ದೂ ಕೇಳಿಸಿರಲಾರದು.

ಸ್ವಿಚ್ ಕೆಟ್ಟಿರಲಿಲ್ಲ ಬಂಡೆಪ್ಪ. ಅದು ನಿಜವನ್ನೇ ಹೇಳುತ್ತಿತ್ತು. ಡೀಸೆಲ್ ಎಂಜಿನ್ ಕೂರಲು ಹೊಸ ಮೌಂಟಿಂಗ್ ಮಾಡಿದಾಗ ಗೇರ್‌ಬಾಕ್ಸ್ ಒಂದೂವರೆ ಇಂಚು ಹಿಂದೆ ಸರಿಯಿತು. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸಲಾಕೆ ಸಾಲದೆ ಬಂತು. ಲೇಥಿನಲ್ಲಿ ಒಂದು ತುಂಡು ಮಾಡಿಸಿ ನಾನೇ ಜೋಡಿಸಿದೆ. ಅದು ಅರ್ಧ ಬೆರಳು ಕಡಿಮೆ ಇತ್ತು. ಮೇಲೆ ನಿನ್ನ ಕೈಗೆ ಲಿವರ್ ಪಾರ್ಕ್‌ನಲ್ಲಿದೆ ಎನಿಸುತ್ತದೆ, ಒಳಗೆ ಪಾರ್ಕಿಗೂ ರಿವರ್ಸಿಗೂ ನಡುವೆ ದಿಬ್ಬದ ಮೇಲೆ ಕೂತ ಹಾಗೆ ಕೂತಿರುತ್ತದೆ. ಡೀಸೆಲ್ ಎಂಜಿನ್ನಿನ ನಡುಕ ಗೊತ್ತಲ್ಲ, ಒಂದು ಅಲುಗಾಟ ಸಾಕು.

ಇದೆಲ್ಲ ನನಗೆ ಆಗಲೇ ಗೊತ್ತಿತ್ತೇ ಎಂದು ನೀನು ಕೇಳುತ್ತೀ. ಪೂರ್ತಿ ಗೊತ್ತಿರಲಿಲ್ಲ. ಆದರೆ ಒಪ್ಪಿಸುವ ಮೂರು ದಿನ ಮೊದಲು ಗಾಡಿ ಶೆಡ್ಡಿನಲ್ಲೇ ಹಿಂದೆ ಜಾರಿ ಆಯಿಲ್ ಡ್ರಮ್ಮಿಗೆ ಬಡಿದಿತ್ತು. ಒಳಗೆ ಯಾರೂ ಇರಲಿಲ್ಲ. ನಾನೇ ಲಿವರ್ ಮರೆತಿರಬೇಕು ಎಂದುಕೊಂಡು ಡ್ರಮ್ ಎತ್ತಿ ನಿಲ್ಲಿಸಿದೆ. ನರಹರಿಯವರು ಸತ್ತರೆಂದು ಕೇಳಿದ ಗಳಿಗೆಯಲ್ಲಿ ನನಗೆ ಕಂಡದ್ದು ಆ ಡ್ರಮ್. ನೀನು ತಪ್ಪು ಒಪ್ಪಿಕೊಂಡ ಮೇಲೆ ಯಾರೂ ಗಾಡಿಯ ಅಡಿ ಬಗ್ಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಡದಿದ್ದರೆ ಗೊತ್ತಿಲ್ಲ ಎಂದು ಹೇಳಿಕೊಳ್ಳಬಹುದಲ್ಲ.

ಸೆಪ್ಟೆಂಬರಿನಲ್ಲಿ ಹಂಪಮ್ಮ ನನಗೆ ಹೇಳಿದ್ದು ಇಷ್ಟು. 'ನಾ ಗಾಡ್ಯಾಗ ಕುಂತಿದ್ದೆ ಅಣ್ಣಾರ. ನನ್ನ ಕೈಲೇ ಆಗೇತಿ. ಏನು ಮಾಡಿದೆ ಅನ್ನೂದು ನನಗ ತಿಳೀವಲ್ದು, ಆದ್ರ ನನ್ನ ಕೈಲೇ ಆಗೇತಿ. ಆ ಮನಷ್ಯಾನ್ನ ನಾನ ಕೊಂದೀನಿ.' ಅಲ್ಲೇ ನಿಂತಿದ್ದರೆ ನನ್ನ ತಪ್ಪು ಹೊರಬರುತ್ತಿತ್ತು. 'ಸುಮ್ಮನಿರವ್ವ' ಎಂದು ಬಸ್ ಹತ್ತಿದೆ. ಮನೆಯಲ್ಲಿ ಹೆಂಡತಿ ಸಪ್ನಾಳಿಗೆ ಹೇಳಿದೆ. 'ಒಂದು ವರ್ಷ ಹ್ಯಾಂಗೂ ಮುಗೀತದ, ಅವರು ಹೊರಗ ಬರ್ತಾರ. ನೀವು ಒಳಗ ಹೋದ್ರ ನಮ್ಮ ಗತಿ ಏನ್ರಿ?' ಎಂದಳು. ಅವಳ ಮೇಲೆ ಹೊರಿಸುತ್ತಿಲ್ಲ. ನಾನು ಕೇಳಬೇಕೆಂದಿದ್ದದ್ದನ್ನೇ ಅವಳು ಹೇಳಿದಳು. ಆ ಮೇಲೆ ನಿನ್ನ ಒಂದು ಸಾಲಿನ ಪ್ರಶ್ನೆ ಬಂತು.

ಡಿಸೆಂಬರ್ ಹದಿನೈದು, ಭಾನುವಾರ, ಮಧ್ಯಾಹ್ನ. ಗಾಡಿಗೆ ಹೊಸ ಬ್ಯಾಟರಿ ಹಾಕಿದೆ. ಹಿಂದಿನ ಗಾಲಿಗಳಿಗೆ ರೈಲು ಹಳಿಯ ಅಡಿ ಹಾಕುವ ಎರಡು ಸ್ಲೀಪರ್ ಮರ ಒತ್ತು ಕೊಟ್ಟೆ. ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಲಿವರನ್ನು ಪಾರ್ಕಿಗೆ ತಂದು ಇಳಿದೆ. ಬಾಗಿಲು ತೆರೆದೇ ಇಟ್ಟು, ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ನೋಡಿದೆ. ಮೂರು ಸಲ ಏನೂ ಆಗಲಿಲ್ಲ. ಆಗಬಾರದು ಎಂದು ಬೇಡಿಕೊಳ್ಳುತ್ತಿದ್ದೆ. ನಾಲ್ಕನೆಯ ಸಲ ಇಪ್ಪತ್ತು ನಿಮಿಷ ಕಳೆದಿತ್ತು. ಎ.ಸಿ. ಕಂಪ್ರೆಸರ್ ನಿಂತು ಮತ್ತೆ ಹತ್ತಿಕೊಂಡಾಗ ಎಂಜಿನ್ ಒಮ್ಮೆ ಮೈ ಕೊಡವಿತು. ಖಾಲಿ ಸೀಟಿನ ಪಕ್ಕ ಲಿವರ್ ತಾನಾಗಿ ಕೆಳಕ್ಕೆ ಬಂತು. ಅವಸರವಿಲ್ಲದೆ, ಯಾರೋ ತಿಳಿದವರು ಕೈ ಇಟ್ಟು ಎಳೆದ ಹಾಗೆ. ಮರುಕ್ಷಣ ಗಾಲಿ ಮರಕ್ಕೆ ಗುದ್ದಿತು. ದೀಪ ಹತ್ತಲಿಲ್ಲ, ಬಜರ್ ಕೂಗಲಿಲ್ಲ. ನಾನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ.

ಇಪ್ಪತ್ತನೇ ತಾರೀಕು ಹಂಪಮ್ಮನಿಗೆ ಹೇಳಿದೆ. ಮಣ್ಣಿನ ಮೇಲೆ ಗೀಟು ಎಳೆದು ತೋರಿಸಿದೆ. ಆಕೆ ಪೂರ್ತಿ ಕೇಳಿ, ಇಟ್ಟಿಗೆ ಬುಟ್ಟಿ ಎತ್ತಿಕೊಂಡು ಮೇಲೆ ಹೋದಳು. ನಾಲ್ಕು ಸಲ ಹತ್ತಿ ಇಳಿದಳು. ಆಮೇಲೆ ನನ್ನೆದುರು ನಿಂತು, 'ಇದು ಅವರಿಗೆ ಗೊತ್ತೈತೇನ್ರಿ?' ಎಂದಳು. ಇನ್ನೂ ಇಲ್ಲ ಎಂದೆ. 'ಬರೀರಿ' ಎಂದಳು. ಅಷ್ಟೆ.

ಮೊನ್ನೆ ಇಪ್ಪತ್ತೇಳಕ್ಕೆ ಪೊಲೀಸರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಕೂಡಿಸಿದ ವೈರನ್ನು, ಲೇಥಿನ ತುಂಡನ್ನು ಮುಟ್ಟದೆ ಹಾಗೇ ಇಟ್ಟಿದ್ದೇನೆ. ಉಚಿತ ಕಾನೂನು ನೆರವಿನ ವಕೀಲರು, ತೇಜಸ್ವಿನಿ ಎಂದು, ನಿನ್ನನ್ನು ಕಾಣಲು ಬರುತ್ತಾರೆ. ಮೇಲಿನ ಕೋರ್ಟಿಗೆ ಹೋಗಬಹುದಂತೆ. ಅವರು ಕೇಳಿದ ಕಡೆ ಸಹಿ ಮಾಡು.

ಕೊನೆಯದು. ಹ್ಯಾಂಡ್ ಬ್ರೇಕ್ ಎಳೆ ಎಂದು ನಾನು ನಿನಗೆ ಹೇಳಿರಲಿಲ್ಲ. ಸಾಹುಕಾರರಿಗೆ ಫೋನಿನಲ್ಲಿ ಹೇಳಿದ್ದೆ. ನಿನಗೆ ಹೇಳಿದ್ದೆ ಎಂದು ಜುಲೈನಲ್ಲಿ ಬರೆದದ್ದು, ನೀನು ಹೌದೆಂದರೆ ನಾನೂ ನಂಬಬಹುದು ಎಂದು.

ನರಹರಿಯವರ ಮನೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ.

ಕೇದಾರ


ಶಂಶಾಬಾದ್
೧೬ ಮಾರ್ಚ್ ೨೦೨೫

ಕೇದಾರಣ್ಣನವರಿಗೆ,

ಅಣ್ಣ ಎಂದು ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಬೇರೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಹೋದ ತಿಂಗಳು ಹನ್ನೊಂದಕ್ಕೆ ಹೊರಗೆ ಬಂದೆ. ಮೇಲಿನ ಕೋರ್ಟು ಶಿಕ್ಷೆಯನ್ನು ತಡೆದಿದೆ, ವಿಚಾರಣೆ ಹೊಸದಾಗಿ ಆಗುತ್ತದೆ ಎಂದು ತೇಜಸ್ವಿನಿ ಮೇಡಮ್ಮನವರು ಹೇಳಿದರು. ನಿಮ್ಮ ಶೆಡ್ಡಿಗೆ ಹೋಗಿದ್ದೆ. ಬೀಗ ಹಾಕಿತ್ತು. ನಿಮ್ಮ ಮೇಲೆ ಕೇಸಾಗಿದೆ, ಜಾಮೀನಿನ ಮೇಲೆ ಬಸವಕಲ್ಯಾಣದಲ್ಲಿ ಇದ್ದೀರಿ ಎಂದು ಪಕ್ಕದ ಟೈರ್ ಅಂಗಡಿಯವರು ವಿಳಾಸ ಕೊಟ್ಟರು. ನೀವು ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಸಿಗದೆ ಇದ್ದದ್ದು ಒಳ್ಳೆಯದಾಯಿತು.

ಸಲಾಕೆ ಅರ್ಧ ಬೆರಳು ಕಡಿಮೆ ಬಿದ್ದದ್ದು ಕೆಲಸದಲ್ಲಿ ಆಗುವ ತಪ್ಪು. ವೈರ್ ಕೂಡಿಸಿದ್ದು ಅವಸರ. ಹೆದರಿ ಸುಮ್ಮನಿದ್ದದ್ದೂ ನನಗೆ ಅರ್ಥವಾಗುತ್ತದೆ, ನನಗೂ ಹೆದರಿಕೆ ಗೊತ್ತು. ಆದರೆ ನೀವು ಆಡದೇ ಇದ್ದ ಮಾತನ್ನು ನಾನು ಜೈಲಿನಲ್ಲಿ ಐದು ತಿಂಗಳು ಹುಡುಕಿದೆ. ಯಾಕೆ ಕೇಳಿಸಿಕೊಳ್ಳಲಿಲ್ಲ ಎಂದು ನನ್ನ ಕಿವಿಗೆ ನಾನೇ ಹೊಡೆದುಕೊಂಡಿದ್ದೇನೆ. ಅದೊಂದನ್ನು ಬಿಡಲು ನನ್ನಿಂದ ಆಗುತ್ತಿಲ್ಲ. ಕೋರ್ಟಿನಲ್ಲಿ ನಿಮ್ಮ ಪರವಾಗಿಯೂ ಹೇಳುವುದಿಲ್ಲ, ನಿಮ್ಮನ್ನು ಮುಳುಗಿಸಲೂ ಹೇಳುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಈಗ ನನ್ನ ವಿಷಯ. ಇದನ್ನು ಬರೆಯಲೆಂದೇ ಕಾಗದ ತೆಗೆದೆ.

ಮನೆಗೆ ಬಂದ ದಿನ ಹಂಪಮ್ಮ ಜೋಳದ ರೊಟ್ಟಿ ಮಾಡಿದಳು. 'ಇನ್ನು ಎಲ್ಲಾ ಮುಗೀತು. ನಿಂದೇನೂ ತಪ್ಪಿಲ್ಲ ಅಂತ ಗೊತ್ತಾತಲ್ಲ' ಎಂದು ನಾನೇ ಶುರು ಮಾಡಿದೆ. ಅವಳಿಗೆ ಸಮಾಧಾನವಾಗುತ್ತದೆ ಎಂದು ನನ್ನ ಲೆಕ್ಕ.

'ಯಾರಿಗೆ ಗೊತ್ತಾತು?' ಎಂದಳು.

'ಎಲ್ಲರಿಗೂ.'

'ನನ್ನ ತೊಡಿ ಮ್ಯಾಲ ಬುತ್ತಿ ಡಬ್ಬಿ ಇತ್ತು. ಎರಡೂ ಕೈ ಡಬ್ಬಿ ಮ್ಯಾಲ ಇದ್ದುವು. ಗಾಡ್ಯಾಗ ತಂಪು ಐತಿ, ಬಾ ಕುಂದ್ರು, ನಾ ಕೈ ತೊಳಕೊಂಡು ಬರ್ತೀನಿ ಅಂತ ನೀವೇ ಕುಂದ್ರಿಸಿ ಹೋದ್ರಿ. ನಾ ಏನೂ ಮುಟ್ಟಿದ್ದಿಲ್ಲ. ನೀವು ಓಡಿ ಬಂದು ನನ್ನ ರಟ್ಟಿ ಹಿಡಿದು, ನಡಿ ಇಲ್ಲಿಂದ, ನೀ ಇಲ್ಲಿ ಇದ್ದೇ ಇಲ್ಲ, ಯಾರರ ಕೇಳಿದ್ರ ಇದ್ದಿಲ್ಲ ಅನ್ನು ಅಂದ್ರಿ. ಹಂಗಂದ ಮ್ಯಾಲ ನಾ ಏನೋ ಮಾಡೀನಿ ಅಂತ ತಿಳಕೊಂಡೆ. ನೀವು ಗಾಡಿ ಬಲ್ಲವರು. ನೀವು ಹೇಳಿದ ಮ್ಯಾಲ ಅದು ಖರೇನ ಇರಬೇಕು ಅಂತ.'

'ನಿನ್ನ ಉಳಿಸಾಕ ಹಂಗಂದೆ' ಎಂದೆ.

'ಉಳಿಸಾಕತ್ತೀನಿ ಅಂತ ತಿಳದ್ರಿ. ಹಂಪಿ, ನೀ ಏನರ ಮುಟ್ಟಿದೇನು ಅಂತ ಒಂದು ಮಾತು ಕೇಳಲಿಲ್ಲ. ವರ್ಷಾನಗಟ್ಲೆ ಒಂದ ಮನ್ಯಾಗ ಇದ್ವಿ. ಒಂದು ದಿನ ಕೇಳಲಿಲ್ಲ.'

ನಿಜ ಅಣ್ಣಾ. ಕೇಳಿದರೆ ಅವಳಿಗೆ ನೋವಾಗುತ್ತದೆ ಎಂದು ಕೇಳಲಿಲ್ಲ. ಒಳಗೊಳಗೇ ಅವಳನ್ನು ಕ್ಷಮಿಸಿ, ನಾನು ದೊಡ್ಡ ಕೆಲಸ ಮಾಡಿದೆ ಎಂದುಕೊಂಡು ಜೈಲಿಗೆ ಹೋದೆ. ಏನೂ ಮಾಡದವಳನ್ನು ಕ್ಷಮಿಸಿದ್ದೆ. ನೀವು ಸ್ವಿಚ್ಚಿನ ಪ್ಲಗ್ ಕಿತ್ತಿರಿ. ನಾನು ಅವಳನ್ನು ಬಾಯಿ ತೆರೆಯಲು ಬಿಡಲಿಲ್ಲ. ನಾನು ನಿಮಗೆ ಯಾವ ಬಾಯಿಂದ ಬೈಯಲಿ?

ಆ ಮೇಲೆ ಅವಳು ಇನ್ನೊಂದು ಹೇಳಿದಳು. ಗಾಡಿ ಗೋಡೆಗೆ ಬಡಿದ ಕೂಡಲೇ ಅವಳೇ ಮೊದಲು ಇಳಿದಿದ್ದಳು. ನಾನು ನೀರಿನ ಟಾಕಿಯಿಂದ ಓಡಿ ಬರುವವರೆಗೆ ನರಹರಿಯವರ ಹತ್ತಿರ ಅವಳಿದ್ದಳು. ಅವರಿಗೆ ಇನ್ನೂ ಎಚ್ಚರವಿತ್ತು. ಮಾತನಾಡಿದರು. ನಾನು ಬಂದು ಅವಳನ್ನು ಅಲ್ಲಿಂದ ಓಡಿಸಿದೆ. ಅಲ್ಲಿ ಇರಲೇ ಇಲ್ಲದವಳು ಆ ಮಾತನ್ನು ಯಾರಿಗೆ ಹೇಳುವುದು? ಎರಡು ವರ್ಷ ಅದನ್ನು ಹೊತ್ತುಕೊಂಡು ಇಟ್ಟಿಗೆ ಹೊತ್ತಳು.

ಮೊನ್ನೆ ಶುಕ್ರವಾರ ಜಹೀರಾಬಾದ್ ಹತ್ತಿರದ ನರಹರಿಯವರ ಊರಿಗೆ ಹೋದೆವು. ಅವರ ಹೆಂಡತಿ ಶರಣಬಸಮ್ಮನವರು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನನ್ನನ್ನು ಗುರುತು ಹಿಡಿದರು. ಕೋರ್ಟಿನಲ್ಲಿ ನೋಡಿದ್ದರು. 'ಯಾಕ ಬಂದಿ?' ಎಂದರು.

ಹಂಪಮ್ಮ ನನ್ನನ್ನು ದಾಟಿ ಮುಂದೆ ಹೋದಳು. 'ಅವ್ವಾ, ಆವತ್ತ ನಾ ಅವರ ಹಂತೇಕ ಇದ್ದೆ' ಎಂದಳು.

ಶರಣಬಸಮ್ಮನವರು ಎದ್ದು ನಿಂತರು. 'ಅಲ್ಲೇ ಹೋದ್ರು, ಮಾತಿಲ್ಲ ಕತಿಲ್ಲ ಅಂತ ಎಲ್ಲಾರೂ ಅಂದ್ರಲ್ಲ?'

'ಇಲ್ರಿ ಅವ್ವಾ, ಮಾತಾಡಿದ್ರು. ನನ್ನ ಕೈ ಹಿಡಕೊಂಡಿದ್ರು. ಮನೀಗಿ ಈಗ ಫೋನ್ ಹಚ್ಚಬ್ಯಾಡ ತಂಗಿ, ಆಕಿ ಗಾಬರಿ ಆಗ್ತಾಳ, ಬಿಸಲು ಇಳದ ಮ್ಯಾಲ ಹೇಳೂಣಂತ ಅಂದ್ರು.'

ಆಕೆ ಹಂಪಮ್ಮನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡರು. ನನಗೆ ಕೂರು ಎನ್ನಲಿಲ್ಲ. ನಾನು ಬೇವಿನ ಗಿಡದ ಹತ್ತಿರ ಹೋಗಿ ನಿಂತೆ. ನೀವೂ ಆ ಮನೆಗೆ ಹೋಗಲೇಬೇಕು. ಹೋದಾಗ ನಿಮಗೂ ಕೂರು ಎನ್ನಲಿಕ್ಕಿಲ್ಲ. ಆದರೂ ಹೋಗಿರಿ.

ನಾನು ನಿಂತಲ್ಲಿಂದ ಅವರಿಬ್ಬರ ಮಾತು ಕೇಳಿಸುತ್ತಿತ್ತು.

'ಇನ್ನೊಮ್ಮೆ ಹೇಳವ್ವ' ಎಂದರು ಶರಣಬಸಮ್ಮನವರು. 'ಅವರು ಹ್ಯಾಂಗಂದ್ರೋ ಹಂಗ ಹೇಳು.'

ಹಂಪಮ್ಮ ಮತ್ತೆ ಹೇಳಿದಳು.

ಬಂಡೆಪ್ಪ